ಮಿರ್ಜಾಗಾನ ನಡುಪಟ್ಟಿ

ಬೆಳ್ಳಿ ಎಂಬ ಮಾತನ್ನು ರಿಸ್ತಿ ಮುದುಕಿ ಮದುವೆಯಾಗಿ ಬಂದ ದಿನದಿಂದ ಬಾಯಿಂದ ಆಚೆ ಬಿಟ್ಟವಳೇ ಅಲ್ಲ. ಬೆಳ್ಳಿ ಚಮಚ ಬೇಕಾದರೆ "ಆ ಬಿಳೀದು ಕೊಡೇ" ಎನ್ನುವಳು. ಬೆಳ್ಳಿ ಉಂಗುರ ಅವಳಿಗೆ ಬಿಳಿ ಉಂಗುರ, ಅಕ್ಕಸಾಲಿಗನ ಅಂಗಡಿ ಬಿಳೀದು ಮಾರುವವನ ಅಂಗಡಿ. ಕಾರಣ ಇಷ್ಟೆ: ಕಜಕರ ಮಾತಿನಲ್ಲಿ ಬೆಳ್ಳಿ ಅಂದರೆ ಕುಮಿಸ್, ಅವಳ ಗಂಡನ ಅಣ್ಣನ ಹೆಸರು ಕುಮಿಸ್‌ಬೆಕ್. ಮನೆಗೆ ಬಂದ ಸೊಸೆ ಗಂಡನ ಕಡೆ ಹಿರಿಯರ ಹೆಸರು ಎತ್ತುವಂತಿಲ್ಲ, ಆ ಹೆಸರನ್ನು ಹೋಲುವ ಮಾತನ್ನೂ ಆಡುವಂತಿಲ್ಲ. ಅದಕ್ಕೇ ಹದಿನೇಳರ ಹುಡುಗಿ ರಿಸ್ತಿ ಭಾವನಿಗೆ ತಾನೇ ಒಂದು ಹೆಸರಿಟ್ಟುಕೊಂಡಳು: ಮಿರ್ಜಾಗಾ, ದೊರೆಯಂಥ ಅಣ್ಣ. ಭಾವ ಸತ್ತು ಅವನ ಗೋರಿಯ ಮೇಲೆ ಹುಲ್ಲು ಬೆಳೆದು ಎಷ್ಟೋ ಕಾಲವಾಯಿತು. ಮುದುಕಿಗೆ ಎಂಬತ್ತು ದಾಟಿತು. ಈಗಲೂ ಅವನು ಮಿರ್ಜಾಗಾನೇ.

ಇವಳ ಸೊಸೆ ಬಲ್ಕಿಯಾ ಮಾತ್ರ ಅತ್ತೆಯನ್ನು ಅಪಾ ಎಂದು ಕರೆಯುವಳೇ ಹೊರತು ಅಂಥ ಕಟ್ಟುಪಾಡಿಗೆಲ್ಲ ಸೊಪ್ಪು ಹಾಕುವವಳಲ್ಲ. ಅಲ್ಮಾತಿ ಪಟ್ಟಣದಲ್ಲೇ ಹುಟ್ಟಿ, ಅಲ್ಮಾತಿಯಲ್ಲೇ ಬೆಳೆದು, ಟ್ರಾಲಿಬಸ್ ಡಿಪೋದಲ್ಲಿ ಡ್ರೈವರುಗಳನ್ನು ಬೈದು ಬೈದು ಗಂಟಲು ಗಟ್ಟಿ ಮಾಡಿಕೊಂಡವಳು. "ಕುಮಿಸ್‌ಬೆಕ್ ತಾತ, ಕುಮಿಸ್‌ಬೆಕ್ ತಾತ" ಎಂದು ಮನೆಯಲ್ಲಿ ಬೇಕೆಂದೇ ಜೋರಾಗಿ ಹೇಳಿಕೊಂಡು ತಿರುಗುವಳು. ಮುದುಕಿ ಎರಡೂ ಕಿವಿ ಮುಚ್ಚಿಕೊಂಡು, "ನಿನ್ನ ಬಾಯಿಗಿಷ್ಟು ಮಣ್ಣು ಹಾಕ, ಡಿಪೋ ರಾಣಿ!" ಎಂದು ಶಪಿಸುವಳು. ಅತ್ತೆ ಸೊಸೆ ಇಬ್ಬರಿಗೂ ಅದೊಂದು ಆಟವಾಗಿತ್ತು. ಆ ನಡುಪಟ್ಟಿ ಸಿಗುವವರೆಗೆ.

ಸಿಕ್ಕಿದ್ದು ಫೋನಿನಲ್ಲಿ. ಡಿಪೋದ ಗೆಳತಿಯೊಬ್ಬಳು ಚಹಾ ನೀರು ಕಾಯಿಸುವ ಹಳೇ ಸಮೋವಾರ್ ಮಾರಬೇಕೆಂದು ಹರಾಜಿನವರ ಪುಟ ತೆರೆದಿದ್ದಳು. ಹಳೇ ಕ್ಯಾಮೆರಾಗಳು, ಪದಕಗಳು, ಒಲಿಂಪಿಕ್ ಕರಡಿಯ ಗೊಂಬೆಗಳು, ಬಾಹ್ಯಾಕಾಶಕ್ಕೆ ಹೋಗಿಬಂದವರು ಸಹಿ ಮಾಡಿದ ಫೋಟೋಗಳು, ಕೊನೆಯಲ್ಲಿ ಒಂದು ಕುಸ್ತಿ ಪೈಲ್ವಾನನ ಬೆಳ್ಳಿ ನಡುಪಟ್ಟಿ. ಅಗಲ ತೊಗಲು, ಮೇಲೆ ಬೆಳ್ಳಿ ಬಿಲ್ಲೆಗಳು, ಕೊಂಡಿಯ ಮೇಲೆ ಟಗರಿನ ಕೊಂಬಿನ ಕೆತ್ತನೆ. ಬಲ್ಕಿಯಾಳ ಗಂಡ ಒರಾಜ್ ಬದುಕಿದ್ದಷ್ಟು ದಿನವೂ ಭಾನುವಾರದ ಗುಜರಿ ಸಂತೆಯಲ್ಲಿ ಹುಡುಕಿ ಹುಡುಕಿ ಸೋತ ವಸ್ತು ಅದು. ಅವ್ವ ಹೇಳಿದ ಗುರುತುಗಳನ್ನು ನೆನಪಿಟ್ಟುಕೊಂಡು ಕಂಡ ಕಂಡ ಹಳೇ ಸಾಮಾನಿನವರ ಮುಂದೆಲ್ಲ ಕೂತಿದ್ದ. ಸಿಗದೆಯೇ ಹೋದ.

ಆ ಪಟ್ಟಿ ಮನೆ ಬಿಟ್ಟು ಹೋದ ಕಥೆ ಬಲ್ಕಿಯಾಗೆ ಬಾಯಿಪಾಠ. ರಿಸ್ತಿ ಮೊದಲ ಹೆರಿಗೆಯಲ್ಲಿ ನಂಜೇರಿ ಮೈ ಸುಡುತ್ತ ಮಲಗಿದ್ದಳು. ಗಂಡ ಸೈನ್ಯದಲ್ಲಿ. ಜಿಲ್ಲಾ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಇಲ್ಲ. ಇಡೀ ಪ್ರಾಂತ್ಯದ ಪೈಲ್ವಾನರನ್ನೆಲ್ಲ ಚಿತ್ ಮಾಡಿ ಪಟ್ಟಿ ಗೆದ್ದು ತಂದು ಆರು ತಿಂಗಳೂ ಆಗಿರಲಿಲ್ಲ, ಭಾವ ಅದನ್ನು ಸೊಂಟದಿಂದ ಬಿಚ್ಚಿ, ಔಷಧಿ ಇದ್ದ ಒಬ್ಬ ಪರವೂರಿನವನ ಕೈಗಿಟ್ಟು ಇಂಜೆಕ್ಷನ್ ತಂದ. ರಿಸ್ತಿ ಉಳಿದಳು. ಎರಡು ವರ್ಷದಲ್ಲಿ ಭಾವನೇ ಕುದುರೆ ಒದ್ದು ಸತ್ತ. ಹೆಂಡತಿ ಇಲ್ಲ, ಮಕ್ಕಳಿಲ್ಲ. ಅವನ ಹೆಸರು ಹೇಳಲು ಉಳಿದದ್ದು ಹೆಸರೇ ಹೇಳದ ಈ ಮುದುಕಿ ಒಬ್ಬಳು.

ಈಗ ಹರಾಜಿನವರ ಪುಟದಲ್ಲಿ ಆ ಪಟ್ಟಿಯ ಕೆಳಗೆ ಬರೆದಿದ್ದು ಏನು? "ಬೈಮುರಾತ್ ಪೈಲ್ವಾನರ ನಡುಪಟ್ಟಿ."

"ಯಾವ ಬೈಮುರಾತು? ಯಾರಪ್ಪಂದು ಇದು?" ಎಂದು ಬಲ್ಕಿಯಾ ಡಿಪೋದಲ್ಲೇ ಕೂಗಿದ್ದು ಕೇಳಿ ಮೂರು ಜನ ಡ್ರೈವರುಗಳು ಟೀ ಲೋಟ ಕೆಳಗಿಟ್ಟರು.

ಹರಾಜಿಗೆ ಎರಡು ದಿನ ಮುಂಚೆ ವಸ್ತುಗಳನ್ನು ನೋಡಲು ಬಿಡುತ್ತಾರೆ. ಅತ್ತೆಯನ್ನು ಟ್ಯಾಕ್ಸಿಗೆ ಹತ್ತಿಸಿಕೊಂಡು ಬಲ್ಕಿಯಾ ಹೋದಳು. ಹೋಟೆಲೊಂದರ ಹಜಾರದಲ್ಲಿ ಗಾಜಿನ ಪೆಟ್ಟಿಗೆಗಳು ಸಾಲಾಗಿದ್ದವು. ಮುದುಕಿ ಕ್ಯಾಮೆರಾ ನೋಡಲಿಲ್ಲ, ಪದಕ ನೋಡಲಿಲ್ಲ. ನಡುಪಟ್ಟಿ ಇದ್ದ ಗಾಜಿನ ಮುಂದೆ ನಿಂತವಳು ನಿಂತೇ ಇದ್ದಳು. ಕೈಯಿಂದ ಗಾಜನ್ನು ಒಂದು ಸಲ ಸವರಿದಳು. ಕಾವಲಿನವನು ಏನೋ ಹೇಳಲು ಬಾಯಿ ತೆರೆದ; ಬಲ್ಕಿಯಾ ಅವನನ್ನು ಒಂದೇ ನೋಟದಲ್ಲಿ ಸುಮ್ಮನಾಗಿಸಿದಳು.

ವಸ್ತುಗಳನ್ನು ಪರೀಕ್ಷೆ ಮಾಡಿ ವಿವರ ಬರೆಯುವವನು ಎಲ್ದೋಸ್ ಎಂಬ ಯುವಕ. ಕನ್ನಡಕ, ಬಿಳಿ ಕೈಗವಸು, ನಯವಾದ ಮಾತು. ಒರಟನಾಗಿದ್ದಿದ್ದರೆ ಬೈದಾದರೂ ಹಗುರಾಗಬಹುದಿತ್ತು ಎಂದು ಬಲ್ಕಿಯಾಗೆ ಆಮೇಲೆ ಎಷ್ಟೋ ಸಲ ಅನಿಸಿತು. ಅವನು ಕುರ್ಚಿ ತರಿಸಿ ಮುದುಕಿಯನ್ನು ಕೂರಿಸಿ, ಚಹಾ ತರಿಸಿ, ಅಜ್ಜಿ ಎಂಬ ಅರ್ಥದಲ್ಲಿ ಅಜೆ ಎಂದೇ ಮಾತಾಡಿಸಿದ.

"ಹೇಳಿ ಅಜೆ. ಇದು ನಿಮ್ಮನೇದು ಅಂತೀರಲ್ಲ, ಹೇಗೆ ಗೊತ್ತು?"

"ಕೊಂಡಿ ಹಿಂದೆ ತೊಗಲು ಹರಿದಿತ್ತು, ನಾನೇ ಹೊಲಿದೆ," ಎಂದಳು ರಿಸ್ತಿ. "ಒಳಗಡೆ ನನ್ನ ಮದುವೆ ಅಂಗಿಯ ಹಸಿರು ಮಕಮಲ್ಲು ಕೊಟ್ಟು ಹೊಲಿದಿದೀನಿ. ನೋಡು."

ಎಲ್ದೋಸ್ ಪಟ್ಟಿಯನ್ನು ಹೊರಗೆ ತೆಗೆದು, ಕೊಂಡಿಯನ್ನು ಮೆಲ್ಲಗೆ ಮಗುಚಿ, ಸಣ್ಣ ದೀಪ ಹಿಡಿದು ನೋಡಿದ. ಹಸಿರು ಇತ್ತು. ಮಾಸಿತ್ತು, ಆದರೆ ಇತ್ತು. ಅವನ ಮುಖ ಅರಳಿದ್ದು ಕಂಡು ಬಲ್ಕಿಯಾಳ ಎದೆ ಹಗುರಾಯಿತು. ಕೆಲಸ ಆಯಿತು ಎಂದುಕೊಂಡಳು.

"ಸರಿ ಅಜೆ, ಇದನ್ನ ನೀವೇ ಹೊಲಿದದ್ದು, ನಂಬ್ತೀನಿ. ಈಗ ಇದು ಯಾರದ್ದು ಅಂತ ಹೇಳಿ. ಅವರ ಹೆಸರು, ನಿಮ್ಮ ಹೆಸರು, ಎರಡೂ ನಿಮ್ಮ ಬಾಯಿಂದಾನೇ ಬರ್ಬೇಕು. ಇದರಲ್ಲಿ ರೆಕಾರ್ಡ್ ಆಗುತ್ತೆ." ಫೋನನ್ನು ಎದುರಿಗೆ ನಿಲ್ಲಿಸಿದ.

"ನಾನು ರಿಸ್ತಿ."

"ಪಟ್ಟಿ?"

"ಮಿರ್ಜಾಗಾಂದು."

"ಅವರ ಪೂರ್ತಿ ಹೆಸರು ಅಜೆ?"

"ಮಿರ್ಜಾಗಾ."

ಬಲ್ಕಿಯಾ ಹಣೆ ಚಚ್ಚಿಕೊಂಡಳು. "ಕುಮಿಸ್‌ಬೆಕ್! ಕುಮಿಸ್‌ಬೆಕ್ ತಮ್ಮಾ, ಬರ್ಕೋ. ಇವರ ಭಾವ. ಇವರು ಹೆಸರು ಹೇಳಲ್ಲ."

ಎಲ್ದೋಸ್ ರೆಕಾರ್ಡಿಂಗ್ ನಿಲ್ಲಿಸಿದ. ತಾನೂ ಕಜಕನೇ, ಅವನಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಆದರೂ ಮುಖ ಸಪ್ಪಗಾಯಿತು. "ಅಕ್ಕಾ, ನೀವು ನೋಡಿದೋರಲ್ಲವಲ್ಲ. ಕಣ್ಣಾರೆ ಕಂಡೋರು ಅಜೆ ಒಬ್ರೇ. ಇದನ್ನ ಮಾರೋಕೆ ಕೊಟ್ಟೋರು, 'ನಮ್ಮಪ್ಪ ಇದು ದೊಡ್ಡ ಪೈಲ್ವಾನಂದು ಅಂತಿದ್ರು' ಅಂತ ಹೇಳಿದ್ರು. ಆ ಕಡೆ ಎಲ್ಲರಿಗೂ ಗೊತ್ತಿರೋ ಪೈಲ್ವಾನ ಬೈಮುರಾತ್. ಅವರ ವಂಶದವರು, ಕೈರೋಲ್ಲಾ ಅಂತ, ಊರಲ್ಲಿ ಬೈಮುರಾತ್ ಹೆಸರಲ್ಲಿ ಗರಡಿ ಮನೆ ಕಟ್ಸಿದಾರೆ. ಪಟ್ಟಿ ಅಲ್ಲಿ ಗೋಡೆ ಮೇಲೆ ಹಾಕ್ತಾರಂತೆ. ಹೆಸರು ತಿದ್ದಬೇಕು ಅಂದ್ರೆ ನನ್ನ ಕೈಯಲ್ಲಿ ಏನಾದ್ರೂ ಇರ್ಬೇಕಲ್ಲ? ವಿವರ ಬರೆಯೋಕೆ ಹಳೇ ಪೇಪರೆಲ್ಲ ನೋಡಿದೀನಿ, ಕುಮಿಸ್‌ಬೆಕ್ ಅನ್ನೋ ಪೈಲ್ವಾನ ಎಲ್ಲೂ ಇಲ್ಲ. ನೀವು ಹೇಳೋ ವರ್ಷ ಗೆದ್ದೋರು ಮಿರ್ಜಾಗಲಿಯೆವ್ ಅಂತ ಇದೆ."

ಬಲ್ಕಿಯಾಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪಂದ್ಯ ಮುಗಿದ ಮಾರನೇ ದಿನ ಪೇಪರಿನವನು ಮನೆಗೆ ಬಂದಿದ್ದನಂತೆ. ಗಂಡಸರೆಲ್ಲ ಕುದುರೆ ಹಿಂಡಿನ ಜೊತೆ ಹೋಗಿದ್ದರು. ಮನೆಯಲ್ಲಿದ್ದದ್ದು ಹೊಸ ಸೊಸೆ ಒಬ್ಬಳೇ. "ಗೆದ್ದವರ ಹೆಸರೇನಮ್ಮಾ?" ಎಂದ. "ಮಿರ್ಜಾಗಾ" ಎಂದಳು ಈ ಪುಣ್ಯಾತ್ಗಿತ್ತಿ. ಅವನು ಪಟ್ಟಣದವನು, ರಷ್ಯನ್ನರ ರೀತಿಯಲ್ಲಿ ಅದಕ್ಕೊಂದು ಬಾಲ ಅಂಟಿಸಿ ಮಿರ್ಜಾಗಲಿಯೆವ್ ಮಾಡಿ ಅಚ್ಚು ಹಾಕಿದ. ಲೋಕದಲ್ಲೇ ಇಲ್ಲದ ಮನುಷ್ಯನೊಬ್ಬ ಗೆದ್ದುಬಿಟ್ಟ. ಇದ್ದ ಮನುಷ್ಯ ಎಲ್ಲೂ ಇಲ್ಲವಾದ.

"ನೋಡಿದ್ರಾ ಅಪಾ? ಆವತ್ತು ಒಂದ್ಸಲ ಅವರ ಹೆಸರು ತಿಂದ್ರಿ. ಇವತ್ತು ಇನ್ನೊಂದ್ಸಲ ತಿಂತಿದೀರಿ," ಎಂದಳು ಬಲ್ಕಿಯಾ.

ಹೇಳಿದ ಕೂಡಲೇ, ಹೆಚ್ಚಾಯಿತು ಎಂದು ಅವಳಿಗೇ ಅನಿಸಿತು. ಮುದುಕಿ ಚಹಾ ಲೋಟದೊಳಗೆ ನೋಡುತ್ತ ಕೂತಿದ್ದಳು. ತುಟಿ ಅಲುಗಿತು. ಎಲ್ದೋಸ್ ಫೋನಿಗೆ ಕೈ ಚಾಚಿದ. ಬಾಯಿ ತೆರೆಯಿತು, ಗಾಳಿ ಬಂತು, ಮಾತು ಬರಲಿಲ್ಲ. ಒಂದು ಹೆಸರು ಹೇಳುವುದಕ್ಕೆ ಹಣೆಯ ಮೇಲೆ ಅಷ್ಟು ಬೆವರು ಬರುತ್ತದೆ ಎಂದು ಬಲ್ಕಿಯಾ ಕಂಡದ್ದು ಆವತ್ತೇ.

"ಆಗಲ್ಲ ಕಣೇ," ಎಂದಳು ಕೊನೆಗೆ. "ನಾಲಿಗೆ ತಿರುಗಲ್ಲ."

ಎಲ್ದೋಸ್ ಒಳ್ಳೆಯವನು. "ಪಟ್ಟಿ ಹರಾಜಿಗೆ ಬರೋವರೆಗೂ ಟೈಮಿದೆ ಅಕ್ಕಾ. ಅಜೆ ಯಾವಾಗ ಹೇಳ್ತಾರೋ ಆವಾಗಲೇ ನಾನು ಚೀಟಿ ಬರ್ದು ಕೂಗೋರ ಮೇಜಿಗೆ ಕೊಡ್ತೀನಿ. ಅವರು ಎಲ್ಲರ ಮುಂದೆ ಹೆಸರು ತಿದ್ದಿ ಹೇಳ್ತಾರೆ. ಸುತ್ತಿಗೆ ಬೀಳೋದ್ರೊಳಗೆ ಆಗ್ಬೇಕು, ಅಷ್ಟೆ," ಎಂದ.

ಪಟ್ಟಿಯನ್ನು ತಾವೇ ಕೊಳ್ಳುವ ಮಾತಂತೂ ಇರಲಿಲ್ಲ. ಆರಂಭದ ಬೆಲೆಯೇ ಬಲ್ಕಿಯಾಳ ಮನೆಯ ಅರ್ಧದಷ್ಟಿತ್ತು. ಯಾರಾದರೂ ಕೊಳ್ಳಲಿ, ಯಾವ ಗೋಡೆಗಾದರೂ ಹಾಕಲಿ. ಕೆಳಗೆ ಬರೆಯುವ ಹೆಸರು ಅವನದ್ದಾಗಿರಲಿ. ಒರಾಜ್ ಸಾಯುವ ಮುಂಚೆ ಕೇಳಿದ್ದೂ ಇಷ್ಟನ್ನೇ.

ಆ ಎರಡು ದಿನ ಬಲ್ಕಿಯಾ ಮಾಡದ ಸರ್ಕಸ್ ಇಲ್ಲ.

ಮೊದಲು ಪುಸಲಾಯಿಸಿದಳು. ಮುದುಕಿಗೆ ಇಷ್ಟವೆಂದು ಕುದುರೆ ಮಾಂಸ ಬೇಯಿಸಿ, ಹಾಳೆ ಹಾಳೆಯಾಗಿ ಹಿಟ್ಟು ಲಟ್ಟಿಸಿ ಬೆಶ್‌ಬರ್ಮಾಕ್ ಮಾಡಿದಳು. ಮುದುಕಿ ತೃಪ್ತಿಯಾಗಿ ತಿಂದು, ಸಾರು ಕುಡಿದು, ಬಾಯಿ ಒರೆಸಿಕೊಂಡು, "ಉಪ್ಪು ಒಂಚೂರು ಮುಂದಾಯ್ತು," ಎಂದಳು.

ಆಮೇಲೆ ಬರೆಯಿರಿ ಎಂದಳು. "ಬಾಯಲ್ಲಿ ಬೇಡ ಅಪಾ. ಕೈಯಲ್ಲಿ ಬರೀರಿ, ಎಲ್ದೋಸ್‌ನ ನಾನು ಹೇಗೋ ಒಪ್ಪಿಸ್ತೀನಿ."

"ಬಾಯಿ ನಂದು, ಕೈ ಪಕ್ಕದ ಮನೆಯೋರದ್ದಾ?" ಎಂದಳು ಮುದುಕಿ.

ಆಮೇಲೆ ಮಸೀದಿಯ ಮುಲ್ಲಾರನ್ನು ಮನೆಗೇ ಕರೆತಂದಳು. ಅವರು ಚಹಾ ಕುಡಿದು, ಬಿಸ್ಕತ್ತು ತಿಂದು, ಧರ್ಮದಲ್ಲಿ ಇದಕ್ಕೆ ಅಡ್ಡಿಯೇ ಇಲ್ಲ, ಸತ್ತವರ ಹೆಸರು ಹೇಳಿ ಪ್ರಾರ್ಥಿಸುವುದು ಪುಣ್ಯ ಎಂದು ವಿವರಿಸಿದರು. ಮುದುಕಿ ಶ್ರದ್ಧೆಯಿಂದ ಕೇಳಿದಳು. ಅವರು ಹೊರಟ ಮೇಲೆ, "ಪಾಪ ಒಳ್ಳೆ ಹುಡುಗ. ಅವನ ಭಾವನ ಹೆಸರಾಗಿದ್ರೆ ಹೇಳ್ತಿದ್ದೆ," ಎಂದಳು.

ಬಲ್ಕಿಯಾಳ ಪಿತ್ತ ನೆತ್ತಿಗೇರಿತು. "ನಿಮ್ಮ ಪ್ರಾಣ ಉಳಿಸಿದೋರು ಅಪಾ ಅವರು! ಸೊಂಟದಿಂದ ಬಿಚ್ಚಿಕೊಟ್ರು! ಅವರಿಗೋಸ್ಕರ ಒಂದು ಹೆಸರು, ಒಂದೇ ಒಂದು ಹೆಸರು ಹೇಳೋಕೆ ಆಗಲ್ವಾ ನಿಮಗೆ? ಅದೇನು ಕಲ್ಲಾ ನಿಮ್ಮೆದೆ? ಆ ಬೈಮುರಾತನ ಹೆಸರು ಗೋಡೆ ಮೇಲೆ ಕೂತ್ಕೊಳ್ಳುತ್ತೆ. ಶಾಲೆ ಹುಡುಗರು ಬಂದು ಅದಕ್ಕೆ ಹೂವಿಡ್ತಾರೆ. ನೀವು ಇಲ್ಲಿ ಬಿಳೀದು ಬಿಳೀದು ಅಂತ ಚಮಚ ಹುಡುಕ್ತಾ ಇರಿ!"

"ನಾನು ಅವರಿಗೆ ಕೊಟ್ಟಿದ್ದು ಅದೊಂದೇ ಕಣೇ," ಎಂದಳು ಮುದುಕಿ. "ನನ್ನತ್ರ ಬೇರೇನಿತ್ತು? ಹಣವಾ, ಹಿಂಡಾ? ಅವರ ಎದುರಿಗೆ ತಲೆ ಎತ್ತಲಿಲ್ಲ, ಬೆನ್ನು ತೋರಿಸಲಿಲ್ಲ, ಹೆಸರು ಎತ್ತಲಿಲ್ಲ. ಅಷ್ಟೇ ನಂದು ಅವರಿಗೆ ಸಂದಿದ್ದು."

"ಅವರಿಗೆ ಬೇಕಾಗಿದ್ದು ಅದಲ್ಲ ಅಪಾ ಈಗ!"

"ಅವರಿಗೆ ಏನು ಬೇಕು ಅಂತ ನಿನಗೆ ಹೇಗೆ ಗೊತ್ತು? ನೀನು ಅವರನ್ನ ಕಂಡಿದೀಯಾ?"

ಬಲ್ಕಿಯಾ ಬಾಗಿಲು ದಬ್ಬಿಕೊಂಡು ಹೊರಗೆ ಹೋಗಿ, ಮೆಟ್ಟಿಲ ಮೇಲೆ ಕೂತು, ಸತ್ತ ಗಂಡನನ್ನು ಬಾಯಿಗೆ ಬಂದಂತೆ ಬೈದಳು. ನಿನ್ನ ಅವ್ವನನ್ನು ನನ್ನ ತಲೆಗೆ ಕಟ್ಟಿ ಹೋದೆಯಲ್ಲೋ ಮಹರಾಯ ಎಂದಳು. ಕೆಳಗಿನ ಮನೆಯವಳು ಇಣುಕಿ ನೋಡಿ ಒಳಗೆ ಹೋದಳು.

ಹರಾಜಿನ ದಿನ ಬೆಳಿಗ್ಗೆ ಬಲ್ಕಿಯಾ ಆಸೆ ಬಿಟ್ಟಿದ್ದಳು. ಹೋಗುವುದೇ ಬೇಡ, ಆ ಹೊಟ್ಟೆಯುರಿ ನೋಡುವುದೇ ಬೇಡ ಎಂದುಕೊಂಡು ಡಿಪೋದ ಕೋಟು ಹಾಕಿಕೊಳ್ಳುತ್ತಿದ್ದಾಗ, ಮುದುಕಿ ತನ್ನ ಬಿಳಿ ತಲೆವಸ್ತ್ರ ಸುತ್ತಿ, ತೋಳಿಲ್ಲದ ಮಕಮಲ್ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದಳು.

"ಕರ್ಕೊಂಡು ಹೋಗು."

"ಯಾಕೆ? ಬೈಮುರಾತ್ ಪೈಲ್ವಾನರಿಗೆ ಜೈ ಅನ್ನೋಕಾ?"

"ಕರ್ಕೊಂಡು ಹೋಗು ಅಂದೆ."

ಹಜಾರ ತುಂಬಿತ್ತು. ಕೋಟು ತೊಟ್ಟ ವ್ಯಾಪಾರಿಗಳು, ಪದಕ ಕೂಡಿಡುವ ಹುಚ್ಚಿನ ಮುದುಕರು, ಫೋನು ಹಿಡಿದು ನಿಂತ ಹುಡುಗಿಯರು. ಅತ್ತೆ ಸೊಸೆಗೆ ನಡುವಿನ ಸಾಲಿನಲ್ಲಿ ಜಾಗ ಸಿಕ್ಕಿತು. ಎಲ್ದೋಸ್ ಗೋಡೆಯ ಪಕ್ಕದ ಉದ್ದ ಮೇಜಿನಲ್ಲಿ, ದೂರದೂರಿನಿಂದ ಫೋನಿನಲ್ಲಿ ಬೆಲೆ ಕೂಗುವವರ ಮಾತು ಕೇಳುವ ಕೆಲಸಕ್ಕೆ ಕೂತಿದ್ದ. ಇವರನ್ನು ಕಂಡು ಹುಬ್ಬಿನಲ್ಲೇ ಕೇಳಿದ. ಬಲ್ಕಿಯಾ ಇಲ್ಲವೆಂದು ತಲೆಯಾಡಿಸಿದಳು.

ಮೇಲೆ ನಿಂತು ಕೂಗುತ್ತಿದ್ದವನು ತೆಳ್ಳಗಿನ ಮನುಷ್ಯ, ಚಟಾಕಿ ಹಾರಿಸುವ ಆಸಾಮಿ. ಸಮೋವಾರ್ ಬಂದರೆ "ಇದರಲ್ಲಿ ಕುಡಿದ್ರೆ ಅತ್ತೆ ಬೈಯಲ್ಲ," ಎನ್ನುವನು. ಕರಡಿ ಗೊಂಬೆ ಬಂದರೆ "ಇದಕ್ಕೆ ಪಿಂಚಣಿ ವಯಸ್ಸಾಗಿದೆ, ಮನೆ ಕೊಡಿ," ಎನ್ನುವನು. ಜನ ನಗುತ್ತ ನಗುತ್ತ ಕೈ ಎತ್ತುತ್ತಿದ್ದರು. ಮನೆಮನೆಯ ಮಂಚದ ಕೆಳಗಿನ ಸಾಮಾನು, ಸತ್ತವರ ಎದೆಯ ಮೇಲಿದ್ದ ಪದಕ, ಎಲ್ಲವೂ ಒಂದು ಸಾರಿ, ಎರಡು ಸಾರಿ, ಮೂರು ಸಾರಿ ಎಂದು ಯಾರಯಾರದ್ದೋ ಆಗುತ್ತಿತ್ತು. ಬಲ್ಕಿಯಾಗೆ ಆ ನಗೆಯೇ ಸಹಿಸಲಾಗಲಿಲ್ಲ.

"ಬಂತು ನೋಡಿ! ಬೈಮುರಾತ್ ಪೈಲ್ವಾನರ ಕುಮಿಸ್ ನಡುಪಟ್ಟಿ!"

ಬಿಳಿ ಕೈಗವಸು ತೊಟ್ಟ ಹುಡುಗಿಯೊಬ್ಬಳು ಪಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದಳು. ಮುಂದಿನ ಸಾಲಿನಲ್ಲಿ ಕೂತಿದ್ದ ದಪ್ಪ ಕತ್ತಿನ ಮನುಷ್ಯ ನೆಟ್ಟಗಾದ. ಅವನೇ ಕೈರೋಲ್ಲಾ ಇರಬೇಕು, ಸುತ್ತ ಅವನೂರಿನ ನಾಲ್ಕಾರು ಗಂಡಸರು. ಬೆಲೆ ಏರತೊಡಗಿತು. ಫೋನಿನ ಹುಡುಗಿಯರು ಕೈ ಎತ್ತಿದರು, ಕೈರೋಲ್ಲಾ ಎತ್ತಿದ, ಮತ್ತೆ ಫೋನು, ಮತ್ತೆ ಕೈರೋಲ್ಲಾ. ಎಲ್ದೋಸ್ ಒಂದು ಕಿವಿ ಮುಚ್ಚಿಕೊಂಡು ಇನ್ನೊಂದು ಕಿವಿಗೆ ಫೋನು ಒತ್ತಿ ಹಿಡಿದಿದ್ದ.

ಆಗ ರಿಸ್ತಿ ಎದ್ದಳು.

ಮುಂದಿನ ಕುರ್ಚಿಯ ಬೆನ್ನು ಹಿಡಿದು ನೆಟ್ಟಗೆ ನಿಂತಳು. ಬಲ್ಕಿಯಾ ಎಳೆದು ಕೂರಿಸಲು ಹೋದವಳು ಮುದುಕಿಯ ಮುಖ ನೋಡಿ ಕೈ ಬಿಟ್ಟಳು. ಆ ಬಾಯಿ ತೆರೆಯುತ್ತಿತ್ತು. ಅರವತ್ತು ವರ್ಷಕ್ಕೂ ಮೀರಿ ಮುಚ್ಚಿಟ್ಟಿದ್ದನ್ನು ಒಳಗಿನಿಂದ ಎಳೆದು ತರುತ್ತಿತ್ತು. ಹೇಳಿ ಅಪಾ, ಹೇಳಿ, ಹೇಳಿಬಿಡಿ ಎಂದು ಬಲ್ಕಿಯಾ ಉಸಿರು ಬಿಗಿಹಿಡಿದಳು.

"ಕುಮಿಸ್..." ಎಂದಳು ರಿಸ್ತಿ.

ಗಟ್ಟಿಯಾಗಿಯೇ ಹೇಳಿದಳು. ಇಡೀ ಹಜಾರಕ್ಕೆ ಕೇಳಿತು. ಉಳಿದರ್ಧ ಗಂಟಲಲ್ಲಿ ಸಿಕ್ಕಿಕೊಂಡು ಕೆಮ್ಮಾಯಿತು.

"ಹೌದು ಅಜೆ, ಕುಮಿಸೇ!" ಎಂದು ಮೇಲಿದ್ದವನು ಖುಷಿಯಿಂದ ಕೂಗಿದ. "ಅಪ್ಪಟ ಕುಮಿಸ್! ತವರ ಅಲ್ಲ, ಕಲಬೆರಕೆ ಅಲ್ಲ! ಕೇಳಿದ್ರಾ ಎಲ್ಲರೂ? ಅಜೆನೇ ಎದ್ದು ಗ್ಯಾರಂಟಿ ಕೊಟ್ರು! ಇನ್ನು ಯಾರಿಗಪ್ಪಾ ಅನುಮಾನ?"

ಹಜಾರ ಗೊಳ್ಳೆಂದಿತು. ಕೆಲವರು ಚಪ್ಪಾಳೆ ತಟ್ಟಿದರು. ಪದಕದ ಮುದುಕನೊಬ್ಬ ಕಣ್ಣೊರೆಸಿಕೊಂಡು ನಕ್ಕ. ಕೈರೋಲ್ಲಾ ನಗುತ್ತಲೇ ತಿರುಗಿ ಮುದುಕಿಗೆ ಎದೆ ಮುಟ್ಟಿ ನಮಸ್ಕರಿಸಿ, ಕೈ ಎತ್ತಿದ.

"ಅದು ಬೆಳ್ಳಿ ಅಲ್ಲ! ಹೆಸರು! ಅದು ಹೆಸರು ರೀ!" ಬಲ್ಕಿಯಾ ಕುರ್ಚಿ ಕೆಡವಿ ಎದ್ದಳು. "ಕುಮಿಸ್‌ಬೆಕ್! ಅವರ ಹೆಸರು ಹೇಳ್ತಿದಾರೆ! ನಿಲ್ಸಿ! ಏ ಎಲ್ದೋಸ್!" ಡಿಪೋದಲ್ಲಿ ಮೂರು ಸಾಲು ಬಸ್ಸಿನಾಚೆಗೂ ಕೇಳುತ್ತಿದ್ದ ಅವಳ ಗಂಟಲು ಆ ನಗುವಿನಲ್ಲಿ ಎಲ್ಲಿ ಹೋಯಿತೋ. ಕಾವಲಿನವನು ಬಂದು ರಟ್ಟೆ ಹಿಡಿದ. ಒಂದು ಸಾರಿ, ಎರಡು ಸಾರಿ, ಮೂರು ಸಾರಿ. ಸುತ್ತಿಗೆ ಬಿತ್ತು.

ಎಲ್ದೋಸ್ ಫೋನು ಇಟ್ಟು ಓಡಿ ಬರುವಾಗ ಮೇಲಿದ್ದವನು ಆಗಲೇ ಮುಂದಿನ ಕ್ಯಾಮೆರಾದ ಬಗ್ಗೆ ಚಟಾಕಿ ಶುರು ಮಾಡಿದ್ದ.

"ಅಜೆ ಹೇಳಿದ್ರಾ?" ಅವನ ಮುಖ ಬಿಳಿಚಿಕೊಂಡಿತ್ತು. "ಸುತ್ತಿಗೆ ಬಿದ್ದ ಮೇಲೆ ನನ್ನ ಕೈಲಿ ಏನೂ ಇಲ್ಲ ಅಕ್ಕಾ. ಇನ್ನು ಕೊಂಡೋರೇ ಒಪ್ಬೇಕು. ಅಜೆ ಅವರ ಹತ್ರಾನೇ ಹೇಳಿ, ಅವರು ಸರಿ ಅಂದ್ರೆ ಈಗಲೂ ಹೆಸರು ತಿದ್ದಿಕೊಡ್ತೀನಿ. ನನಗೂ ನಿಜಾನೇ ಬೇಕು."

"ನಿನ್ನ ನಿಜಕ್ಕಿಷ್ಟು ಬೆಂಕಿ ಹಾಕ," ಎಂದಳು ಬಲ್ಕಿಯಾ. ಆದರೆ ಅವಳ ಕಣ್ಣು ಆಗಲೇ ಕೈರೋಲ್ಲಾನನ್ನು ಹುಡುಕುತ್ತಿತ್ತು.

ಹುಡುಕಬೇಕಾಗಲಿಲ್ಲ. ಹೊರಗಿನ ಪಡಸಾಲೆಯಲ್ಲಿ ರಿಸ್ತಿಯನ್ನು ಬೆಂಚಿನ ಮೇಲೆ ಕೂರಿಸುತ್ತಿದ್ದಂತೆ ಅವನೇ ಬಂದ. ಪಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದ. ಹಿಂದೆ ಅವನೂರಿನ ಗಂಡಸರು. ಟೋಪಿ ಸರಿಮಾಡಿಕೊಂಡು, ಅಷ್ಟು ದೊಡ್ಡ ದೇಹವನ್ನು ಬಗ್ಗಿಸಿ, ಮುದುಕಿಯ ಮುಂದೆ ಒಂದು ಮಂಡಿ ಊರಿದ.

"ಅಜೆ, ಅಷ್ಟು ಜನದೊಳಗೆ ನೀವೊಬ್ರೇ ಎದ್ದು ಸಾಕ್ಷಿ ಹೇಳಿದ್ರಿ. ಇಲ್ಲಿ ನಿಮಗಿಂತ ಹಿರಿಯರಿಲ್ಲ. ಈ ಪಟ್ಟೀನ ಊರಿಗೆ ತಗೊಂಡು ಹೋಗ್ತಿದೀನಿ, ಹುಡುಗರು ನೋಡಿ ಕುಸ್ತಿ ಕಲೀಲಿ ಅಂತ. ನಿಮ್ಮ ಆಶೀರ್ವಾದ ಕೊಟ್ಟು ಕಳ್ಸಿ."

ಎಲ್ಲರೂ ಅಂಗೈಗಳನ್ನು ಮೇಲಕ್ಕೆ ತೆರೆದು ಹಿಡಿದರು. ಆಶೀರ್ವಾದ ಕೇಳಿದವನಿಗೆ ಇಲ್ಲ ಎನ್ನುವ ಮುದುಕಿಯೂ ಇಲ್ಲ, ಅದರ ನಡುವೆ ಬಾಯಿ ಹಾಕುವವರೂ ಇಲ್ಲ. ಬಲ್ಕಿಯಾ ಬಾಯಿ ಹಾಕಲು ಹೋದಳು. ಮುದುಕಿಯ ಕೈ ಅವಳ ಮಣಿಕಟ್ಟನ್ನು ಹಿಡಿದು ಒತ್ತಿತು. ಸರಿ, ಅಪಾನೇ ಹೇಳಲಿ, ಇದೇ ಸಮಯ ಎಂದುಕೊಂಡಳು. ಆಗಲೇ ಅರ್ಧ ಬಾಯಿಗೆ ಬಂದಿದೆ, ಇನ್ನರ್ಧ ಎಷ್ಟು ಹೊತ್ತು? ಇವನು ಒಳ್ಳೆಯವನ ಹಾಗೆ ಕಾಣುತ್ತಾನೆ, ಕೇಳುತ್ತಾನೆ. ಹೇಳಿ ಅಪಾ.

ರಿಸ್ತಿ ಬಟ್ಟೆಯ ಅಂಚು ಸರಿಸಿ ಕೊಂಡಿಯನ್ನು ಒಮ್ಮೆ ಮುಟ್ಟಿದಳು. ಆಮೇಲೆ ತಾನೂ ಅಂಗೈ ತೆರೆದಳು.

"ಇದನ್ನ ಕಟ್ಟಿಕೊಂಡು ಗೆದ್ದೋರ ಗೋರಿ ಬೆಳಗಲಿ. ಅವರ ಹೆಸರು ಅಳೀದೆ ಇರಲಿ. ನಿಮ್ಮ ಹುಡುಗರ ಬೆನ್ನು ಮಣ್ಣು ಮುಟ್ಟದೆ ಇರಲಿ. ಅಲ್ಲಾಹು ಅಕ್ಬರ್."

"ಆಮೀನ್!" ಎಂದು ಗಂಡಸರೆಲ್ಲ ಮುಖ ಸವರಿಕೊಂಡರು. ಕೈರೋಲ್ಲಾನ ಕಣ್ಣು ತುಂಬಿತ್ತು. "ಬೈಮುರಾತ್ ತಾತ ಕೇಳಿಸ್ಕೊಂಡ್ರು ಅಜೆ," ಎಂದು ಅವಳ ಕೈಯನ್ನು ಕಣ್ಣಿಗೊತ್ತಿಕೊಂಡು ಎದ್ದ. ಅವರು ಗಾಜಿನ ಬಾಗಿಲು ದಾಟಿ ಹೋದರು. ಬಲ್ಕಿಯಾಳ ಬಾಯಿಂದ ಆಮೀನ್ ಬರಲಿಲ್ಲ.

ಟ್ಯಾಕ್ಸಿಯಲ್ಲಿ ಕೂತ ಮೇಲೆ ಅವಳಿಗೆ ತಡೆಯಲಾಗಲಿಲ್ಲ. ಕೋಪದ ಮಾತು ಅಳುವಿನಂತೆ ಬಂತು.

"ಯಾಕಪಾ? ಯಾಕೆ? ಎದುರಿಗೇ ಕೂತಿದ್ದ! ಮಂಡಿ ಊರಿ ಕೂತಿದ್ದ! ಏನು ಹೇಳಿದ್ರೂ ಕೇಳ್ತಿದ್ದ ಅವನು! ಅಷ್ಟು ಜನರೊಳಗೆ ಎದ್ದು ನಿಂತು ಹೇಳೋಕೆ ಹೋದೋರಿಗೆ, ಅವನೊಬ್ಬನ ಮುಂದೆ ಹೇಳೋಕೆ ಏನಾಗಿತ್ತು ನಿಮಗೆ ದೊಡ್ಡರೋಗ?"

ರಿಸ್ತಿ ಕಿಟಕಿಯಾಚೆ ನೋಡುತ್ತಿದ್ದಳು. ಕಾರು ಸಿಗ್ನಲ್ಲಿನಲ್ಲಿ ನಿಂತಿತ್ತು. ಡ್ರೈವರ್ ರೇಡಿಯೋದ ದನಿ ತಗ್ಗಿಸಿದ.

"ಒಂದ್ಸಲ ಹೇಳಿದ್ನಲ್ಲೇ," ಎಂದಳು. "ನಕ್ಕರು. ನನ್ನ ಬಾಯಿಂದ ಅವರ ಹೆಸರು ಕೇಳಿ ಇಡೀ ಹಜಾರ ನಕ್ತು. ಇನ್ನೊಂದ್ಸಲ ನಗಿಸ್ಲಾ?"

ಬಲ್ಕಿಯಾ ಮುದುಕಿಯ ಜಾರಿದ್ದ ತಲೆವಸ್ತ್ರವನ್ನು ಎಳೆದು ಸರಿಮಾಡಿದಳು. ಸಿಗ್ನಲ್ ಬಿಟ್ಟಿತು, ಹಿಂದಿನ ಗಾಡಿಗಳು ಹಾರ್ನ್ ಹೊಡೆದವು, ಕಾರು ಹೊರಟಿತು.